ತೂಕ, ಪರದೆ, ಬ್ಯಾಟರಿ: ಹಳೆಯ ಪೋರ್ಟಬಲ್ ಕಂಪ್ಯೂಟರುಗಳ ಹುಚ್ಚು

ಹಳೆಯ ಕಂಪ್ಯೂಟರು ಇಟ್ಟುಕೊಂಡವರನ್ನು ಜನ ಎರಡು ಪ್ರಶ್ನೆ ತಪ್ಪದೆ ಕೇಳುತ್ತಾರೆ. ಮಾರಿದರೆ ಎಷ್ಟು ಬರುತ್ತೆ? ಇದರಲ್ಲಿ ಯೂಟ್ಯೂಬ್ ಬರುತ್ತಾ? ಮೊದಲನೆಯದಕ್ಕೆ ನನ್ನ ಉತ್ತರ: ಗುಜರಿಯವನು ಕೆಜಿ ಲೆಕ್ಕದಲ್ಲಿ ಕೊಡುವಷ್ಟು ಬರುತ್ತೆ. ಎರಡನೆಯದಕ್ಕೆ: ಬರಲ್ಲ. ಇಷ್ಟು ಕೇಳಿಯೂ ನೀವು ಎದ್ದು ಹೋಗಿಲ್ಲ, ಹಾಗಾಗಿ ಧೈರ್ಯವಾಗಿ ಮುಂದುವರಿಸುತ್ತೇನೆ.

ನಾನು ಎಲ್ಲಾ ಹಳೆಯ ಕಂಪ್ಯೂಟರುಗಳ ಬಗ್ಗೆ ಮಾತಾಡುತ್ತಿಲ್ಲ. ಹೊತ್ತುಕೊಂಡು ಓಡಾಡಲಿ ಅಂತ ಮಾಡಿದವುಗಳ ಬಗ್ಗೆ ಮಾತ್ರ. 1981ರಿಂದ ಶುರುವಾಗಿ ಇಪ್ಪತ್ತೊಂದನೇ ಶತಮಾನದ ಆರಂಭದವರೆಗೆ ಬಂದವು. ಯಾಕೆ ಇವೇ ಅಂದರೆ, ಮೇಜಿನ ಮೇಲೆ ಕೂರುವ ಕಂಪ್ಯೂಟರು ಮಾಡುವವನಿಗೆ ಬೇಕಾದಷ್ಟು ಜಾಗ ಇದೆ, ಗೋಡೆಯಲ್ಲಿ ಕರೆಂಟ್ ಇದೆ, ಭಾರ ಎಷ್ಟಿದ್ದರೂ ಯಾರೂ ಕೇಳಲ್ಲ. ಬ್ಯಾಗಿಗೆ ಹಾಕುವ ಕಂಪ್ಯೂಟರು ಮಾಡುವವನಿಗೆ ಮೂರು ತಲೆನೋವು. ತೂಕ, ಪರದೆ, ಬ್ಯಾಟರಿ. ಮೂರೂ ಒಟ್ಟಿಗೆ ಚೆನ್ನಾಗಿರೋದು ಆ ಕಾಲದಲ್ಲಿ ಆಗದ ಮಾತು. ಏನನ್ನಾದರೂ ಬಿಡಲೇಬೇಕು. ಯಾರು ಏನು ಬಿಟ್ಟರು ಅನ್ನೋದು ಒಂದೊಂದು ಯಂತ್ರದಲ್ಲೂ ಎದ್ದು ಕಾಣುತ್ತೆ. ನನಗೆ ಈ ಹವ್ಯಾಸ ಹಿಡಿಸಿದ್ದು ಅದಕ್ಕೇ. ಇವತ್ತಿನ ಲ್ಯಾಪ್‌ಟಾಪುಗಳನ್ನು ಸಾಲಾಗಿ ಇಟ್ಟು ಹೆಸರು ಮುಚ್ಚಿಬಿಟ್ಟರೆ ಯಾವುದು ಯಾರದ್ದು ಅಂತ ಹೇಳೋದು ಕಷ್ಟ. ಆಗ ಹಾಗಿರಲಿಲ್ಲ.

ಮೊದಲು ಆಸ್ಬಾರ್ನ್ 1. ಇದು 1981ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬಂತು. ತೂಕ ಸುಮಾರು 11 ಕಿಲೋ. ಮುಚ್ಚಿದರೆ ಹಿಡಿಕೆ ಇರುವ ಹೊಲಿಗೆ ಮೆಷಿನ್ ಪೆಟ್ಟಿಗೆ ಥರ ಇರುತ್ತೆ. ಮುಚ್ಚಳ ಬಿಚ್ಚಿದರೆ ಮುಚ್ಚಳವೇ ಕೀಬೋರ್ಡು. ನಡುವೆ ಪುಟ್ಟ ಟಿವಿಯಂಥ ಪರದೆ, ಬರೀ ಐದು ಇಂಚು. ಅದರ ಎರಡೂ ಪಕ್ಕ ಒಂದೊಂದು ಫ್ಲಾಪಿ ಡ್ರೈವ್, ಅಂದರೆ ಫೈಲು ಇಡುವ ತೆಳು ತಟ್ಟೆ ತೂರಿಸುವ ಸಂದಿ. ವಿಮಾನದ ಸೀಟಿನ ಕೆಳಗೆ ತೂರಿಸಬೇಕು ಅನ್ನೋದು ಅಳತೆಯ ಲೆಕ್ಕ. ಮೆಮೊರಿ 64 ಕೆಬಿ. ಬೆಲೆ 1795 ಡಾಲರ್. ಅದರ ಜೊತೆಗೇ ಬರೆಯೋಕೆ ವರ್ಡ್‌ಸ್ಟಾರ್, ಲೆಕ್ಕಕ್ಕೆ ಸೂಪರ್‌ಕ್ಯಾಲ್ಕ್, ಪ್ರೋಗ್ರಾಮ್ ಮಾಡೋಕೆ ಬೇಸಿಕ್ ಎಲ್ಲಾ ಕೊಡುತ್ತಿದ್ದರು. ಆ ತಂತ್ರಾಂಶಗಳನ್ನು ಬಿಡಿಬಿಡಿಯಾಗಿ ಕೊಂಡರೆ ಹೆಚ್ಚುಕಮ್ಮಿ ಯಂತ್ರದ ಬೆಲೆಯೇ ಆಗುತ್ತಿತ್ತು. ಬ್ಯಾಟರಿ ಒಳಗೆ ಇರಲಿಲ್ಲ. ಅಂದರೆ ಹೊತ್ತುಕೊಂಡು ಹೋಗಬಹುದು, ಆದರೆ ಹೋದ ಕಡೆ ಪ್ಲಗ್ ಪಾಯಿಂಟ್ ಹುಡುಕಬೇಕು. ಪರದೆಯಲ್ಲಿ ಒಂದು ಸಾಲಿಗೆ 52 ಅಕ್ಷರ ಮಾತ್ರ ಹಿಡಿಸುತ್ತಿತ್ತು. ಉಳಿದದ್ದು ಕಾಣಬೇಕಾದರೆ ಕೀಲಿ ಒತ್ತಿ ಪಕ್ಕಕ್ಕೆ ಸರಿಸಬೇಕು. ಪರದೆಯನ್ನೂ ಬಿಟ್ಟರು, ಬ್ಯಾಟರಿಯನ್ನೂ ಬಿಟ್ಟರು, ತೂಕವನ್ನೂ ಹಿಡಿತಕ್ಕೆ ತರಲಿಲ್ಲ! ಆದರೂ ಜನ ಮುಗಿಬಿದ್ದು ಕೊಂಡರು. ಕಚೇರಿಯ ಕಂಪ್ಯೂಟರನ್ನು ಮನೆಗೆ ತರಬಹುದು ಅನ್ನೋದೇ ಆಗ ದೊಡ್ಡ ವಿಷಯ.

ಇದನ್ನು ಮಾಡಿಸಿದ ಆಡಂ ಆಸ್ಬಾರ್ನ್ ಬಗ್ಗೆ ಸ್ವಲ್ಪ ದಾರಿ ತಪ್ಪಿ ಹೇಳಲೇಬೇಕು. ಹುಟ್ಟಿದ್ದು 1939ರಲ್ಲಿ, ಬ್ಯಾಂಕಾಕ್‌ನಲ್ಲಿ. ತಂದೆ ಆರ್ಥರ್ ಆಸ್ಬಾರ್ನ್ ಇಂಗ್ಲಿಷ್‌ನವರು, ರಮಣ ಮಹರ್ಷಿಗಳ ಭಕ್ತರು. ಹಾಗಾಗಿ ಹುಡುಗ ಬೆಳೆದದ್ದು ತಿರುವಣ್ಣಾಮಲೈನಲ್ಲಿ, ಆಶ್ರಮದ ಆಸುಪಾಸಿನಲ್ಲಿ. ನಮ್ಮ ಬೆಂಗಳೂರಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುವ ಊರು. ಆಮೇಲೆ ಇಂಗ್ಲೆಂಡ್, ಅಮೆರಿಕ, ಪುಸ್ತಕ ಬರೆಯೋದು, ಕಂಪನಿ ಕಟ್ಟೋದು ಎಲ್ಲಾ ಆಯಿತು. ಯಂತ್ರದ ವಿನ್ಯಾಸ ಲೀ ಫೆಲ್ಸೆನ್‌ಸ್ಟೀನ್ ಅವರದು. ಕಂಪನಿ ಎಷ್ಟು ಬೇಗ ಏರಿತೋ ಅಷ್ಟೇ ಬೇಗ ಇಳಿಯಿತು. 1983ರ ಸೆಪ್ಟೆಂಬರ್‌ನಲ್ಲಿ ದಿವಾಳಿ. ಮುಂದಿನ ಮಾಡೆಲ್ ಬಗ್ಗೆ ಮೊದಲೇ ಬಾಯಿ ಬಿಟ್ಟರು, ಜನ ಇದ್ದದ್ದನ್ನು ಕೊಳ್ಳೋದು ನಿಲ್ಲಿಸಿದರು ಅನ್ನೋ ಕತೆಯನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಅದೊಂದೇ ಕಾರಣ ಅಲ್ಲ ಅಂತ ವಾದ ಮಾಡುವವರೂ ಇದ್ದಾರೆ. ನನಗೂ ಹಾಗೇ ಅನ್ನಿಸುತ್ತೆ. ಅದೇ ವರ್ಷ ಪ್ರತಿಸ್ಪರ್ಧಿ ಕಂಪನಿ ಕಾಂಪ್ಯಾಕ್‌ನ ಯಂತ್ರ ಮಾರುಕಟ್ಟೆಗೆ ಬಂದಿತ್ತಲ್ಲ! ಕೊನೆಗಾಲದಲ್ಲಿ ಆಸ್ಬಾರ್ನ್ ಭಾರತಕ್ಕೇ ವಾಪಸ್ ಬಂದರು. ತೀರಿಕೊಂಡದ್ದು 2003ರಲ್ಲಿ, ಕೊಡೈಕೆನಾಲ್‌ನಲ್ಲಿ.

ಕಾಂಪ್ಯಾಕ್ ಪೋರ್ಟಬಲ್ ಇನ್ನೂ ಭಾರ, 12 ಕಿಲೋಗೂ ಜಾಸ್ತಿ. ಆದರೆ ಪರದೆ ಒಂಬತ್ತು ಇಂಚು, ಮತ್ತೆ ಐಬಿಎಂ ಪಿಸಿಯ ತಂತ್ರಾಂಶ ಅದರಲ್ಲಿ ಓಡುತ್ತಿತ್ತು. ತೂಕವನ್ನೂ ಬ್ಯಾಟರಿಯನ್ನೂ ಕೈಬಿಟ್ಟು ಪರದೆಯನ್ನು ಉಳಿಸಿಕೊಂಡ ಯಂತ್ರ. ಗ್ರಿಡ್ ಕಂಪಾಸ್ ಅಂತ ಇನ್ನೊಂದಿದೆ, 1982ರದು. ಪುಸ್ತಕದ ಹಾಗೆ ಮಡಚುವ ಆಕಾರ ಮೊದಲು ಕಂಡದ್ದು ಅದರಲ್ಲೇ. ಬಿಲ್ ಮಾಗ್ರಿಜ್ ಅವರ ವಿನ್ಯಾಸ, ಮೆಗ್ನೀಸಿಯಂ ಮೈ, ಅರಿಸಿನ ಬಣ್ಣದಲ್ಲಿ ಹೊಳೆಯುವ ಪರದೆ. ನಾಸಾದವರು ಬಾಹ್ಯಾಕಾಶ ನೌಕೆಗೂ ಒಯ್ದರು. ಬೆಲೆ 8150 ಡಾಲರ್. ಅಲ್ಲಿ ಬಿಟ್ಟದ್ದು ಏನು ಅಂತ ಬೇರೆ ಹೇಳಬೇಕಾಗಿಲ್ಲ, ಕೊಳ್ಳುವ ಜನರನ್ನೇ ಬಿಟ್ಟರು.

ಈಗ ನನಗೆ ಅತಿ ಇಷ್ಟವಾದದ್ದಕ್ಕೆ ಬರೋಣ. ಟಿಆರ್‌ಎಸ್-80 ಮಾಡೆಲ್ 100. 1983ರದು. ಅಮೆರಿಕದಲ್ಲಿ ರೇಡಿಯೋ ಶ್ಯಾಕ್ ಅಂಗಡಿಗಳಲ್ಲಿ ಮಾರಾಟವಾಯಿತು, ತಯಾರಾದದ್ದು ಜಪಾನಿನ ಕ್ಯೋಸೆರಾ ಕಂಪನಿಯಲ್ಲಿ. ಗಾತ್ರ ಒಂದು ದಪ್ಪ ನೋಟ್‌ಬುಕ್ಕಿನಷ್ಟು, ತೂಕ ಒಂದೂವರೆ ಕಿಲೋ ಒಳಗೆ. ಮಡಚೋದಿಲ್ಲ. ಮೇಲ್ಭಾಗದಲ್ಲಿ ಪಟ್ಟಿಯಂಥ ಪರದೆ, ಕೆಳಗೆ ಪೂರ್ಣ ಅಳತೆಯ ಕೀಬೋರ್ಡು. ಪರದೆಯಲ್ಲಿ ಎಂಟು ಸಾಲು, ಸಾಲಿಗೆ 40 ಅಕ್ಷರ. ಹಿಂದೆ ಬೆಳಕಿಲ್ಲ. ಲೈಟ್ ಹಾಕಿಕೊಂಡೇ ಓದಬೇಕು. ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಇದೆ. ಅದನ್ನು ಹೆಬ್ಬೆರಳಿಂದ ತಿರುಗಿಸಿದರೆ ಅಕ್ಷರ ಕಪ್ಪಾಗುತ್ತೆ, ಇನ್ನೂ ತಿರುಗಿಸಿದರೆ ಇಡೀ ಪರದೆಯೇ ಕಪ್ಪು. ಕೂತ ಜಾಗ ಬದಲಾಯಿಸಿದಾಗಲೆಲ್ಲ ಅದನ್ನು ಒಂಚೂರು ತಿರುಗಿಸಬೇಕು.

ಪರದೆಯನ್ನು ಇಷ್ಟು ಕಿರಿದು ಮಾಡಿದ್ದರಿಂದ ಸಿಕ್ಕಿದ್ದೇನು? ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ ನಾಲ್ಕು ಹಾಕಿದರೆ ಸುಮಾರು ಇಪ್ಪತ್ತು ಗಂಟೆ ಓಡುತ್ತೆ. ಸ್ವಿಚ್ ಒತ್ತಿದ ಕ್ಷಣವೇ ಸಿದ್ಧ. ಕಾಯೋದು ಅನ್ನೋದೇ ಇಲ್ಲ. ಮೆನುವಿನಲ್ಲಿ ಬೇಸಿಕ್, ಟೆಕ್ಸ್ಟ್, ಟೆಲ್‌ಕಾಮ್, ವಿಳಾಸ, ವೇಳಾಪಟ್ಟಿ, ಅಷ್ಟೇ. ಒಳಗಿನ ತಂತ್ರಾಂಶ ಮೈಕ್ರೋಸಾಫ್ಟ್‌ನದು. ಬಿಲ್ ಗೇಟ್ಸ್ ಸ್ವತಃ ಕೂತು ಹೆಚ್ಚಿನ ಕೋಡ್ ಬರೆದ ಕೊನೆಯ ಯಂತ್ರ ಇದು. ಟೆಲ್‌ಕಾಮ್ ಇದ್ದದ್ದರಿಂದ ಅಮೆರಿಕದ ವರದಿಗಾರರು ಇದನ್ನು ಕೈಬಿಡಲೇ ಇಲ್ಲ. ಫೋನ್ ತಂತಿಯಲ್ಲಿ ಬರಹ ಕಳಿಸುವ ಮೋಡೆಮ್ ಒಳಗೇ ಇತ್ತು, ಅದನ್ನು ನಡೆಸುವುದೇ ಟೆಲ್‌ಕಾಮ್. ವೇಗ 300 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಆರು ಸಾವಿರ ಅಕ್ಷರದ ವರದಿ ಕಳಿಸೋಕೆ ಮೂರು ನಿಮಿಷ ಚಿಲ್ಲರೆ. ನಮಗೆ ನಗು ಬರಬಹುದು. ಫೋನಿನಲ್ಲಿ ಒಂದೊಂದೇ ಪದ ಓದಿ ಬರೆಸಬೇಕಿದ್ದವರಿಗೆ ಅದು ವರವಾಗಿತ್ತು.

ಇದರಲ್ಲಿ ಕನ್ನಡ ಬರೆಯಬಹುದಾ ಅಂತ ಕೇಳ್ತೀರಿ ಅಂತ ಗೊತ್ತು. ಪರದೆಯ ಮೇಲೆ ಕನ್ನಡ ಲಿಪಿ ಮೂಡಲ್ಲ. ಆದರೆ ನಾನು ಇದರಲ್ಲಿ ಕನ್ನಡ ಬರೀತೀನಿ. ಹೇಗೆ ಅಂದರೆ, ಬರಹ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡುವ ಒಂದು ಕ್ರಮ ಇದೆ, ನಿಮ್ಮಲ್ಲಿ ತುಂಬಾ ಜನಕ್ಕೆ ಅಭ್ಯಾಸವೂ ಇದೆ. ಚಿಕ್ಕ ಡಿ ಒತ್ತಿದರೆ ದ, ದೊಡ್ಡ ಡಿ ಒತ್ತಿದರೆ ಡ. ಚಿಕ್ಕ ಎಲ್‌ಗೆ ಲ, ದೊಡ್ಡ ಎಲ್‌ಗೆ ಳ. ಆ ಕ್ರಮದಲ್ಲೇ ಮಾಡೆಲ್ 100ರಲ್ಲಿ ಬರೆಯೋದು. ಯಂತ್ರಕ್ಕೆ ಅದು ಬರೀ ಇಂಗ್ಲಿಷ್ ಅಕ್ಷರ. ಆಮೇಲೆ ಸೀರಿಯಲ್ ಕೇಬಲ್ ಹಾಕಿ ಇವತ್ತಿನ ಕಂಪ್ಯೂಟರಿಗೆ ಕಳಿಸಿ, ಅಲ್ಲಿ ಕನ್ನಡಕ್ಕೆ ತಿರುಗಿಸಿಕೊಳ್ಳೋದು. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತೆ. ಮೆಮೊರಿಯನ್ನು 32 ಕೆಬಿಗೆ ಏರಿಸಿದ್ದರೆ ಬರೆಯೋಕೆ ಸುಮಾರು 29 ಕೆಬಿ ಸಿಗುತ್ತೆ. ಕನ್ನಡದಲ್ಲಿ ಮೂರು ಸಾವಿರ ಪದದ ಆಸುಪಾಸು. ಇವತ್ತಿನ ಈ ಮಾತಿನ ಟಿಪ್ಪಣಿ ಬರೆದದ್ದೂ ಅದರಲ್ಲೇ. ನೋಟಿಫಿಕೇಶನ್ ಬರಲ್ಲ ಅನ್ನೋದು ಎಲ್ಲರೂ ಹೇಳುವ ಮಾತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಕೀಬೋರ್ಡು. ಇಷ್ಟು ಸಲೀಸಾಗಿ ಬೆರಳು ಓಡುವ ಕೀಬೋರ್ಡು ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಇಲ್ಲ.

ಇದಕ್ಕೆ ಪೂರ್ತಿ ತದ್ವಿರುದ್ಧ ದಾರಿ ಹಿಡಿದದ್ದು ಆಪಲ್. 1989ರ ಮ್ಯಾಕಿಂಟಾಷ್ ಪೋರ್ಟಬಲ್. ಪರದೆ ಬಹಳ ಚೆನ್ನಾಗಿತ್ತು. ಬ್ಯಾಟರಿಯೂ ತುಂಬಾ ಹೊತ್ತು ಬರುತ್ತಿತ್ತು, ಯಾಕೆಂದರೆ ಒಳಗಿದ್ದದ್ದು ಸ್ಕೂಟರ್, ಕಾರಿನಲ್ಲಿ ಇರುವಂಥ ಸೀಸ-ಆಮ್ಲದ ಬ್ಯಾಟರಿ. ತೂಕ ಏಳು ಕಿಲೋ ದಾಟಿತು. ಇನ್ನೊಂದು ವಿಚಿತ್ರ ಇದೆ. ಚಾರ್ಜರ್‌ನಿಂದ ಬರುವ ಕರೆಂಟು ಬ್ಯಾಟರಿ ಮೂಲಕವೇ ಯಂತ್ರಕ್ಕೆ ಹೋಗಬೇಕು. ಹಾಗಾಗಿ ಬ್ಯಾಟರಿ ಸತ್ತರೆ ಪ್ಲಗ್ ಹಾಕಿದರೂ ಆನ್ ಆಗಲ್ಲ. ಹಳೆಯ ಬ್ಯಾಟರಿ ಬಿಚ್ಚಿ ಒಳಗೆ ಹೊಸ ಸೆಲ್ ಕೂರಿಸುವವರೆಗೂ ಯಂತ್ರ ಕೆಟ್ಟಿದೆಯೋ ಚೆನ್ನಾಗಿದೆಯೋ ಗೊತ್ತೇ ಆಗಲ್ಲ. ಕೊಳ್ಳುವಾಗ ಇದು ನೆನಪಿರಲಿ. 'ಬ್ಯಾಟರಿ ಒಂದು ಹಾಕಿದ್ರೆ ಆಯ್ತು ಸಾರ್' ಅನ್ನೋ ಮಾತಿಗೆ ಇಲ್ಲಿ ಜಾಸ್ತಿ ಬೆಲೆ ಕೊಡಬಾರದು.

ಅಂಗೈ ಗಾತ್ರದವು ಬೇರೆಯದೇ ಲೋಕ. ಎಚ್‌ಪಿ 200ಎಲ್‌ಎಕ್ಸ್ 1994ರದು. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ವಾರಗಟ್ಟಲೆ ಬರುತ್ತೆ, ಒಳಗೆ ಆಗಿನ ಪಿಸಿಗಳ ಕಾರ್ಯಾಚರಣೆ ವ್ಯವಸ್ಥೆ ಡಾಸ್ ಪೂರ್ತಿ ಇದೆ, ಲೆಕ್ಕದ ಹಾಳೆಯ ತಂತ್ರಾಂಶ ಲೋಟಸ್ 1-2-3 ಇದೆ. ಲೆಕ್ಕಪತ್ರದವರು ಯಾರಾದರೂ ಇಲ್ಲಿದ್ದರೆ ಅವರ ಕಣ್ಣು ಅರಳಿರಬೇಕು. ಬ್ರಿಟನ್ನಿನ ಸಯಾನ್ ಸೀರೀಸ್ 5 ಬಂದದ್ದು 1997ರಲ್ಲಿ. ಮುಚ್ಚಳ ತೆರೆದರೆ ಕೀಬೋರ್ಡು ತಾನಾಗಿ ಮುಂದಕ್ಕೆ ಜಾರಿ ಬರುತ್ತೆ, ಪರದೆ ಹಿಂದಕ್ಕೆ ಒರಗಿ ನಿಲ್ಲುತ್ತೆ. ಒಮ್ಮೆ ತೆರೆದರೆ ಇನ್ನೊಮ್ಮೆ ತೆರೆದು ನೋಡಬೇಕು ಅನ್ನಿಸುತ್ತೆ. ಹಾಗೆ ತೆರೆದು ಮುಚ್ಚಿಯೇ ಒಳಗಿನ ಪರದೆಯ ರಿಬ್ಬನ್ ಕೇಬಲ್ ಸೀಳುತ್ತೆ ಅನ್ನೋದು ಬೇರೆ ಮಾತು. ಅದರ ಕಾರ್ಯಾಚರಣೆ ವ್ಯವಸ್ಥೆಯೇ ಮುಂದೆ ಸಿಂಬಿಯನ್ ಆಯಿತು. ನಿಮ್ಮಲ್ಲಿ ಯಾರಾದರೂ ನೋಕಿಯಾ 6600 ಇಟ್ಟುಕೊಂಡಿದ್ದರೆ, ಅದರೊಳಗೆ ಇದ್ದದ್ದು ಈ ಸಯಾನ್‌ನ ವಂಶದ್ದೇ.

ನಮ್ಮ ಊರಲ್ಲಿ ಸುಲಭವಾಗಿ ಸಿಗುವುದು ಮಾತ್ರ ಐಬಿಎಂ ಶುರು ಮಾಡಿದ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳು. ಸಾಫ್ಟ್‌ವೇರ್ ಕಂಪನಿಗಳು ಹೊರಗೆ ಹಾಕಿದ್ದೆಲ್ಲ ಒಂದಲ್ಲ ಒಂದು ದಿನ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರಲೇಬೇಕಲ್ಲ! ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳೋದು ಅದನ್ನೇ. ಗಟ್ಟಿ ಇವೆ, ಬಿಚ್ಚೋದು ಸುಲಭ, ಐಬಿಎಂನ ದುರಸ್ತಿ ಕೈಪಿಡಿಗಳಲ್ಲಿ ಯಾವ ಸ್ಕ್ರೂ ಮೊದಲು ತೆಗೆಯಬೇಕು ಅನ್ನೋದರವರೆಗೆ ಬರೆದಿದ್ದಾರೆ. ಮೊದಲನೆಯದು 1992ರ 700ಸಿ. ಮೌಸ್ ಬದಲು ಬಳಸುವ, ಕೀಬೋರ್ಡಿನ ನಡುವಿನ ಆ ಕೆಂಪು ಗುಂಡಿ ಅಲ್ಲಿಂದಲೇ. 1995ರ 701ನ ಸೊಗಸು ಬೇರೆ. ಮುಚ್ಚಳ ತೆರೆಯುತ್ತಿದ್ದ ಹಾಗೆ ಕೀಬೋರ್ಡಿನ ಎರಡು ತುಂಡು ಓರೆಯಾಗಿ ಜಾರಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೀಬೋರ್ಡು ಪೆಟ್ಟಿಗೆಗಿಂತ ಅಗಲವಾಗಿಬಿಡುತ್ತೆ! ಜಾನ್ ಕರಿಡಿಸ್ ಅನ್ನೋ ಎಂಜಿನಿಯರ್ ಯೋಚನೆ ಅದು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಇಟ್ಟಿದ್ದಾರೆ. ಆದರೆ ಪರದೆಗಳು ದೊಡ್ಡದಾಗುತ್ತಾ ಬಂದಂತೆ ಪೆಟ್ಟಿಗೆಯೇ ಅಗಲವಾಯಿತು, ಈ ಚಮತ್ಕಾರಕ್ಕೆ ಕೆಲಸ ಇಲ್ಲದಾಯಿತು.

ಕೊಳ್ಳುವಾಗ ಒಂದು ಮಾತು. ಆನ್ ಮಾಡಿಸಿ ನೋಡಿ, ಬಯಾಸ್, ಅಂದರೆ ಯಂತ್ರ ಶುರುವಾಗುವಾಗಲೇ ತೆರೆಯುವ ಸೆಟ್ಟಿಂಗ್ ಪುಟದ, ಒಳಗೆ ಹೋಗಿ ಬನ್ನಿ. ಥಿಂಕ್‌ಪ್ಯಾಡಿನಲ್ಲಿ ಕಂಪನಿಯವರು ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿಬಿಟ್ಟಿದ್ದರೆ ಒಳಗಿನ ಗುಂಡಿ ಸೆಲ್ ಕಿತ್ತು ಹಾಕಿದರೂ ಅದು ಹೋಗಲ್ಲ. ಬೇರೆ ಚಿಪ್ಪಿನಲ್ಲಿ ಕೂತಿರುತ್ತೆ.

ಈಗ ಕೆಡುವ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆ ಹೆಚ್ಚಾಗಿ ಯುರೋಪ್, ಅಮೆರಿಕದ ಒಣ ಮನೆಗಳಲ್ಲಿ ಕೂತವರದು. ನಮ್ಮ ಮಳೆಗಾಲ ಅವರಿಗೆ ಗೊತ್ತಿಲ್ಲ.

ಮೊದಲ ಶತ್ರು ಒಳಗಿನ ಪುಟ್ಟ ಬ್ಯಾಟರಿ. ಗಡಿಯಾರ, ಮೆಮೊರಿ ಉಳಿಸೋಕೆ ಬೋರ್ಡಿಗೆ ಬೆಸುಗೆ ಹಾಕಿರುವ ನಿಕ್ಕಲ್-ಕ್ಯಾಡ್ಮಿಯಂ ಸೆಲ್. ಮಾಡೆಲ್ 100ರಲ್ಲೂ ಒಂದಿದೆ. ವಯಸ್ಸಾದರೆ ಅದು ಸೋರುತ್ತೆ. ಸೋರುವುದು ಕ್ಷಾರ. ತಾಮ್ರದ ಗೆರೆಗಳ ಮೇಲೆ ಹಸಿರು ಪುಡಿ ಕಂಡರೆ ಅದು ಬಂದಿದೆ ಅಂತ ಅರ್ಥ. ತಾಮ್ರವನ್ನು ತಿಂದು ಗೆರೆ ತುಂಡಾಗುವವರೆಗೂ ಬಿಡಲ್ಲ. ಸೆಲ್ಲಿನ ಕಾಲುಗಳನ್ನು ಕತ್ತರಿಸಿ ಸೆಲ್ ತೆಗೆಯಿರಿ. ಹತ್ತಿಯ ಕಡ್ಡಿಗೆ ಬಿಳಿ ವಿನೆಗರ್ ಅಥವಾ ನಿಂಬೆರಸ ಮುಟ್ಟಿಸಿ ಹಸಿರು ಇರುವ ಕಡೆ ಸವರಿ. ಹುಳಿ, ಕ್ಷಾರವನ್ನು ಕೊಲ್ಲುತ್ತೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಚೆನ್ನಾಗಿ ಒರೆಸಿ ಒಣಗಿಸಿ. ಈ ಹವ್ಯಾಸದಲ್ಲಿ ಮಾಡಬೇಕಾದ ಒಂದೇ ಒಂದು ತುರ್ತು ಕೆಲಸ ಅಂದರೆ ಇದೇ. ಉಳಿದದ್ದೆಲ್ಲ ಮುಂದಿನ ಬೇಸಿಗೆ ರಜೆಗೆ ಕಾಯಬಹುದು.

ಎರಡನೆಯದು ಪರದೆ. ಹಳೆಯ ಎಲ್‌ಸಿಡಿಯ ಮೇಲೆ ಅಂಟಿಸಿರುವ, ಬೆಳಕು ಸೋಸುವ ಪೋಲರೈಸರ್ ಹಾಳೆ ಸೆಕೆ, ತೇವಕ್ಕೆ ಒಡೆದು ವಿನೆಗರ್ ವಾಸನೆ ಬಿಡುತ್ತೆ. ಬಿಡುವುದು ನಿಜವಾಗಿ ಅಸಿಟಿಕ್ ಆಮ್ಲವೇ. ಮೂಲೆಯಿಂದ ಗುಳ್ಳೆ, ಸುಕ್ಕು ಶುರುವಾಗುತ್ತೆ. ಮಂಗಳೂರು, ಉಡುಪಿ ಕಡೆಯವರು ಇದಕ್ಕೆ ತಯಾರಾಗಿಯೇ ಇರಬೇಕು. ಹಾಳೆಯನ್ನು ಕೆರೆದು ತೆಗೆದು ಹೊಸದು ಅಂಟಿಸಬಹುದು. ಅಂಟು ತೆಗೆಯೋದೇ ರಗಳೆ, ಆದರೆ ಗಾಜು ಒಡೆಯದಿದ್ದರೆ ಪರದೆ ಹೊಸದರಂತಾಗುತ್ತೆ.

ಮೂರನೆಯದು ನಮ್ಮ 230 ವೋಲ್ಟ್. ಅಮೆರಿಕದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲಿ ಬಂದ ಯಂತ್ರಕ್ಕೆ 110 ವೋಲ್ಟಿನ ಅಡಾಪ್ಟರ್ ಇರುತ್ತೆ. ತೊಂಬತ್ತರ ದಶಕದ ಲ್ಯಾಪ್‌ಟಾಪುಗಳಿಗೆ ಬಹುಮಟ್ಟಿಗೆ 100ರಿಂದ 240ರವರೆಗೆ ನಡೆಯುತ್ತೆ. ಅದಕ್ಕೂ ಹಿಂದಿನ ಹಲವಕ್ಕೆ ನಡೆಯಲ್ಲ. ಅಡಾಪ್ಟರಿನ ಮೇಲಿನ ಚೀಟಿ ಓದಿ, ಆಮೇಲೆ ಪ್ಲಗ್ ಹಾಕಿ. ಮಾಡೆಲ್ 100ರ ಪಿನ್ನಿನಲ್ಲಿ ಒಳಭಾಗ ನೆಗೆಟಿವ್, ಇವತ್ತಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಪಾಸಿಟಿವ್. ಆ ಗೊಂದಲವೇ ಬೇಡ, ಸುಮ್ನೆ ಸೆಲ್ ಹಾಕಿಯೇ ಬಳಸಿ. ಟಿವಿಯಂಥ ಪರದೆ ಇರುವ ಆಸ್ಬಾರ್ನ್, ಕಾಂಪ್ಯಾಕ್ ಥರದವನ್ನು ಗೊತ್ತಿಲ್ಲದವರು ಬಿಚ್ಚಲೇಬಾರದು. ಆಫ್ ಮಾಡಿದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಫ್ಲಾಪಿ ಬಗ್ಗೆ ಹೇಳುವಾಗ ಕನ್ನಡದ್ದೇ ಒಂದು ಸಂಗತಿ ಹೇಳಬೇಕು. ನನಗೆ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರು ಬಿಸ್ಕತ್ ಡಬ್ಬಿಯಲ್ಲಿ ಫ್ಲಾಪಿಗಳನ್ನು ತಂದುಕೊಟ್ಟರು. ತಮ್ಮ ಸೀಮೆಯ ಬೀಸೋ ಕಲ್ಲಿನ ಪದಗಳನ್ನೆಲ್ಲ ಬರೆದುಕೊಂಡು ಡಿಟಿಪಿ, ಅಂದರೆ ಅಚ್ಚಿಗೆ ಕಂಪ್ಯೂಟರಿನಲ್ಲಿ ಟೈಪ್, ಮಾಡಿಸಿದ್ದರಂತೆ. ಪುಸ್ತಕ ಆಗಲಿಲ್ಲ, ಡಿಟಿಪಿ ಅಂಗಡಿಯೂ ಮುಚ್ಚಿತು. ಫ್ಲಾಪಿಯ ತಗಡಿನ ಬಾಗಿಲು ಸರಿಸಿ ದೀಪಕ್ಕೆ ಹಿಡಿದರೆ ಒಳಗಿನ ಕಂದು ತಟ್ಟೆಯ ಮೇಲೆ ಬೂಷ್ಟಿನ ಬಿಳಿ ಚುಕ್ಕಿ. ಅಂಥದ್ದನ್ನು ಹಾಗೇ ಡ್ರೈವಿಗೆ ಹಾಕಿದರೆ ತಟ್ಟೆಯೂ ಗೀಚುತ್ತೆ, ಡ್ರೈವಿನ ಹೆಡ್ಡೂ ಕೊಳೆಯಾಗಿ ಮುಂದಿನ ಫ್ಲಾಪಿಯನ್ನೂ ಹಾಳು ಮಾಡುತ್ತೆ. ಚಿಪ್ಪು ಬಿಡಿಸಿ, ತಟ್ಟೆಯನ್ನು ಮೆಲ್ಲಗೆ ಒರೆಸಿ, ಒಣಗಿಸಿ, ಬೇರೆ ಶುಭ್ರ ಚಿಪ್ಪಿಗೆ ಹಾಕಿ ಓದಿಸಬೇಕು. ಒಂದೇ ಸಲಕ್ಕೆ ಇಡೀ ಫ್ಲಾಪಿಯ ನಕಲು ತೆಗೆದುಕೊಳ್ಳಬೇಕು. ಮತ್ತೆ ಮತ್ತೆ ಓಡಿಸಬಾರದು.

ಓದಿಸಿದ್ದು ಹಳೆಯ ಥಿಂಕ್‌ಪ್ಯಾಡಿನಲ್ಲಿ. ಈಗ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವುಗಳಲ್ಲಿ ಹಲವು 720 ಕೆಬಿಯ ಫ್ಲಾಪಿ ಅಂದರೆ ಮುಖ ತಿರುಗಿಸುತ್ತವೆ. ಹಳೆಯ ಲ್ಯಾಪ್‌ಟಾಪಿನ ಡ್ರೈವ್ ಅದನ್ನೂ ಆಮೇಲಿನ 1.44 ಎಂಬಿಯದನ್ನೂ ಓದುತ್ತೆ. ಫೈಲುಗಳನ್ನು ಹೊರಗೆ ತರೋಕೆ ಪಕ್ಕದ ಪಿಸಿ ಕಾರ್ಡ್ ಸಂದಿಗೆ ಒಂದು ಅಡಾಪ್ಟರ್ ಹಾಕಿ, ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ತೂರಿಸಿದರೆ ಆಯ್ತು. ಅದೇ ಕಾರ್ಡು ಎಚ್‌ಪಿ 200ಎಲ್‌ಎಕ್ಸ್‌ಗೂ ಆಗುತ್ತೆ.

ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಜ್ಜು. ಮೇಷ್ಟ್ರ ಮುಖ ಸಪ್ಪಗಾಯಿತು. ಫೈಲು ಕೆಟ್ಟಿರಲಿಲ್ಲ. ಎಲ್ಲಾ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿ ತಂತ್ರಾಂಶ ಎಲ್ಲದರಲ್ಲೂ ಕನ್ನಡದ ಅಕ್ಷರ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಜ್ಜು. ಯಾವ ತಂತ್ರಾಂಶದ್ದು ಅಂತ ಕಂಡುಹಿಡಿದು ಪರಿವರ್ತಕಕ್ಕೆ ಕೊಟ್ಟರೆ ಯೂನಿಕೋಡ್ ಬರುತ್ತೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವುತ್ತವೆ, ಕೂತು ತಿದ್ದಬೇಕು. ಎಲ್ಲಾ ಹಾಡೂ ಸಿಗಲಿಲ್ಲ. ಸಿಕ್ಕವನ್ನು ಅವರು ಈಗ ಮೊಮ್ಮಗಳ ಕೈಲಿ ತಿದ್ದಿಸುತ್ತಿದ್ದಾರೆ.

ನನಗೆ ಇನ್ನೂ ಸಿಗದ ಒಂದು ಯಂತ್ರ ಇದೆ, ಅದು ನಮ್ಮ ಬೆಂಗಳೂರಿನದೇ. ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಕೈಗಣಕ. 2004ರಲ್ಲಿ ಪಿಕೋಪೆಟಾ ಕಂಪನಿ ಮತ್ತು ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಸೇರಿ ಅಮಿಡಾ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ತಂದರು, ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಬೆಲೆ ಶುರು. ಒಳಗೆ ಲಿನಕ್ಸ್, 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್. ಇವರು ಬಿಟ್ಟದ್ದು ಕೀಬೋರ್ಡನ್ನು. ಕಡ್ಡಿಯಿಂದ ಮುಟ್ಟಿದರೆ ಸಾಕು. ಅದಕ್ಕಿಂತ ದೊಡ್ಡದು, ಒಬ್ಬರಿಗೆ ಒಂದು ಯಂತ್ರ ಅನ್ನೋ ಲೆಕ್ಕವನ್ನೇ ಬಿಟ್ಟರು. ಸ್ಮಾರ್ಟ್ ಕಾರ್ಡ್ ಹಾಕುವ ಸಂದಿ ಇತ್ತು. ಊರಿಗೆ ಒಂದು ಯಂತ್ರ, ಜನರ ಕೈಯಲ್ಲಿ ಒಂದೊಂದು ಕಾರ್ಡು, ಅವರವರ ಮಾಹಿತಿ ಅವರವರ ಹತ್ತಿರ. ಅಮೆರಿಕದಲ್ಲಿ ಯಾರೂ ಈ ದಾರಿಯಲ್ಲಿ ಯೋಚಿಸಿದ್ದನ್ನು ನಾನು ಕಂಡಿಲ್ಲ. ಅಂದುಕೊಂಡಷ್ಟು ಮಾರಾಟ ಆಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗುತ್ತಾ ಬಂತು. ಹೊರದೇಶದ ಆಸ್ಬಾರ್ನ್ ಬಗ್ಗೆ ಸಿಗುವಷ್ಟು ವಿವರ ನಮ್ಮೂರ ಸಿಂಪ್ಯೂಟರ್ ಬಿಚ್ಚಿ ದುರಸ್ತಿ ಮಾಡುವ ಬಗ್ಗೆ ಸಿಗಲ್ಲ. ಇದು ನನಗೆ ಬೇಜಾರಿನ ವಿಷಯ.

ನಿಮ್ಮಲ್ಲಿ ಯಾರಾದರೂ ಆಗ ಬಿಇಎಲ್‌ನಲ್ಲೋ ಟಾಟಾ ಇನ್‌ಸ್ಟಿಟ್ಯೂಟಿನಲ್ಲೋ ಇದ್ದವರಾದರೆ, ಅಥವಾ ಅಂಥವರ ಮನೆಯ ಅಟ್ಟದಲ್ಲಿ ಒಂದು ಉಳಿದಿದ್ದರೆ, ದಯವಿಟ್ಟು ತೋರಿಸಿ. ಮಾರಬೇಕಾಗಿಲ್ಲ, ಬಿಚ್ಚಿ ಫೋಟೋ ತೆಗೆದು ವಾಪಸ್ ಕೊಡುತ್ತೇನೆ. ತರುವ ಮೊದಲು 'ಆನ್ ಆಗುತ್ತಾ ನೋಡೋಣ' ಅಂತ ಚಾರ್ಜರ್ ಮಾತ್ರ ಚುಚ್ಚಬೇಡಿ. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಹಾಗೇ ತನ್ನಿ.